ಗುಂಯ್

ಆಫಲಿಯ ಜೌಗಿನಲ್ಲಿ, ಬೇಲಿಗೂಟಗಳಿಗೆ ಕಟ್ಟಿ
ಏಳು ಕಿವಿಗಳನ್ನು ಬಿಟ್ಟು ಬಂದಳು ಡಿಂಪ್ನಾ
ಮಾರ್ಚಿ ಮುಗಿಯುವ ಹೊತ್ತಿಗೆ.
ಅಂಗೈಯಗಲದ ಹಸಿರು ಡಬ್ಬಿ, ಒಳಗೆ ಮೈಕು,
ಮಳೆ ನುಗ್ಗದಿರಲೆಂದು ಮೇಲೊಂದು ಮೊಸರಿನ ಲೋಟ ಬೋರಲು.
ನಲವತ್ತು ರಾತ್ರಿ.

ಮೊದಲಾಗಿದ್ದರೆ ತಾನೇ ಕೂರಬೇಕಿತ್ತು,
ಮಂಡಿಗೆ ಕಂಬಳಿ, ಫ್ಲಾಸ್ಕಿನಲ್ಲಿ ಚಹಾ,
ಬಾಗುಕೊಕ್ಕಿನ ಕರ್ಲ್ಯೂ ಒಮ್ಮೆ ಕೂಗೀತೆಂದು
ಕಾದು ಕಾದು,
ಕೂಗಿದ ಗಳಿಗೆಗೆ ಸರಿಯಾಗಿ ಕೆಮ್ಮು ಬಂದು.
ಹನ್ನೊಂದು ವರ್ಷದ ಲೆಕ್ಕದ ಪುಸ್ತಕದಲ್ಲಿ
ಕೊನೆಯ ನಾಲ್ಕು ವರ್ಷ ಬರೀ ಸೊನ್ನೆ.

ಈಗ ಯಂತ್ರ ಕೇಳುತ್ತದೆ.
ನಾಲ್ಕು ಆಲೂಗಡ್ಡೆಯ ಸಿಪ್ಪೆ ಹೆರೆಯುವಷ್ಟರಲ್ಲಿ
ನಲವತ್ತು ರಾತ್ರಿ ಕೇಳಿ ಮುಗಿಸಿ ಹೇಳುತ್ತದೆ:
"ಮೂರು ಕೂಗು. ಏಪ್ರಿಲ್ ಒಂಬತ್ತು, ಬೆಳಗಿನ ಜಾವ
ನಾಲ್ಕು ಹತ್ತು, ಐದನೇ ಗೂಟದ ಬಳಿ. ಗಂಡು.
ಬಹುಶಃ ಜೊತೆಗೊಂದು."

ಡಿಂಪ್ನಾ ಚಾಕು ಕೆಳಗಿಟ್ಟಳು.
ಬಹುಶಃ
ಜೊತೆಗೊಂದು.

ಆಮೇಲೆ ಅದೇ ಕೇಳಿತು, ವಿನಯದಿಂದ:
"ಎಲ್ಲ ರಾತ್ರಿಗಳ ತಳದಲ್ಲೂ ಗುಂಯ್ ಅನ್ನುವ ಸದ್ದಿದೆ.
ಮಳೆಯಲ್ಲ, ಗಾಳಿಯಲ್ಲ, ದನವಲ್ಲ.
ಅಳಿಸಲೇ? ಹಕ್ಕಿಯ ದನಿ ತಿಳಿಯಾಗುತ್ತದೆ."

ಆ ಗುಂಯ್ ಅವಳಿಗೆ ಗೊತ್ತು.
ರಸ್ತೆಯಾಚೆ, ಲಾರ್ಚ್ ಮರಗಳ ಹಿಂದೆ
ಕಿಟಕಿಯಿಲ್ಲದ ಐದು ಶೆಡ್ಡು, ಸಾವಿರ ಫ್ಯಾನು,
ಚಳಿ ಹೆಚ್ಚಿದ ರಾತ್ರಿ ಗ್ಯಾಸಿನ ಎಂಜಿನ್ನು.
ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ;
ಇದಕ್ಕೆ ತನ್ನ ಉಸಿರೇ
ಯಾರದೋ ಗದ್ದಲ.

ಪಕ್ಕದ ಮನೆಯ ಮಲಾಕಿಗೆ ಎಂಬತ್ತೆರಡು.
ಅಜ್ಜನ ಕಾಲದಿಂದ ಈ ಜೌಗಿನ ಪೀಟ್ ಕೊಯ್ದು
ಒಣಗಿಸಿ ಒಲೆಗಿಟ್ಟ ಮನೆ.
"ನಿನ್ನ ಹೊಗೆ ಕೆಟ್ಟದ್ದು ಅಂದರು, ಒಪ್ಪಿದೆ.
ಕಾಲುವೆ ಮುಚ್ಚಿ ನೀರು ನಿಲ್ಲಿಸಿದರು, ಅದೂ ಸರಿಯೇ,
ಎಲ್ಲಿ ಮುಚ್ಚಬೇಕೆಂದು ಆಕಾಶದಿಂದ ನೋಡಿ
ಹೇಳಿದ್ದೂ ಆ ಯಂತ್ರವೇ ಅಂತೆ.
ಪಾಚಿ ಬಂತು, ಹತ್ತಿಹುಲ್ಲು ಬಂತು, ನಿನ್ನ ಹಕ್ಕಿಯೂ ಬರಲಿ.
ಆದರೆ ಆ ಶೆಡ್ಡಿನ ಚಿಮಣಿ ಇದೆಯಲ್ಲ, ತಾಯಿ,
ಅದು ಯಾರ ಒಲೆ?"
ಕೌನ್ಸಿಲ್ಲಿಗೆ ದೂರು ಬರೆಯಲು ಕೈ ನಡುಗಿ
ಕೊನೆಗೆ ಅದರ ಕೈಯಲ್ಲೇ ಬರೆಸಿದನಂತೆ.
"ಚೆನ್ನಾಗಿಯೇ ಬರೆಯಿತು, ಪಾಪ.
ನನಗಿಂತ ಖಾರವಾಗಿ."

ಡಿಂಪ್ನಾ ಕೇಳಿದಳು: ನನ್ನ ಮೂರು ಕೂಗಿಗೆ
ನೀನೆಷ್ಟು ಉರಿಸಿದೆ, ಎಷ್ಟು ಕುಡಿದೆ?
"ನಿಖರವಾಗಿ ಹೇಳಲಾರೆ," ಎಂದಿತು.
"ಸದ್ದು ಅಳಿಸಲೇ?"

ಇರಲಿ, ಎಂದಳು.

ಕಿವಿಗೆ ಹಾಕಿಕೊಂಡು ಕೂತಳು.
ಗುಂಯ್, ಗುಂಯ್, ನೆಲದಡಿಯಿಂದ ಬಂದಂತೆ,
ಅದರ ಮೇಲೆ, ತುಂಬುತ್ತಿರುವ ಕೊಡದ ಹಾಗೆ
ಏರಿ, ಏರಿ, ತುಳುಕಿದ ಒಂದು ದನಿ.
ಎರಡನೆಯ ಸಲವೂ ಕೇಳಿದಳು.
ಮೂರನೆಯ ಸಲ ಕೇಳುವಾಗ
ಕೆಮ್ಮು ಬಂತು.

ಪುಸ್ತಕ ತೆಗೆದು ಬರೆದಳು: ಕರ್ಲ್ಯೂ, ೩.
ಇನ್ನೊಂದಕ್ಕೆ ಕಾಲಮ್ಮೇ ಇರಲಿಲ್ಲ.
ಚಾಕುವಿನ ಬೆನ್ನು ಹಿಡಿದು ಪೆನ್ಸಿಲಿನಲ್ಲಿ
ಗೆರೆ ಎಳೆದಳು, ಸ್ವಲ್ಪ ಸೊಟ್ಟಗೆ,
ಹಾಳೆಯ ತುದಿಯವರೆಗೂ.