ಸುಣ್ಣದ ಲೆಕ್ಕ

ಅರಸೀಕೆರೆಯಿಂದ ಆಚೆ, ಗೌಜಲ ಕಾವಲಿನಲ್ಲಿ
ಒಂಬತ್ತು ಬ್ಯಾರಕ್ಕು.
ಯಾವುದೋ ಯುದ್ಧಕ್ಕೆಂದು ಮೂರು ತಿಂಗಳಲ್ಲಿ ಎಬ್ಬಿಸಿದ್ದು,
ಯುದ್ಧ ಮುಗಿದರೂ ಬೀಳಲು ಅಪ್ಪಣೆ ಸಿಗದೆ
ನಿಂತೇ ಇವೆ, ಅಟೆನ್ಷನ್ನಿನಲ್ಲಿ.

ಮೊಣಕಾಲುದ್ದ ಕಾಡುಗಲ್ಲು, ಆಮೇಲೆ ಇಟ್ಟಿಗೆ,
ಮೇಲೆ ಮಂಗಳೂರು ಹಂಚು, ನಡುನಡುವೆ ಗಾಜಿನದೊಂದು.
ಮಧ್ಯಾಹ್ನ ಅದರಿಂದಿಳಿದ ಬಿಸಿಲ ಚೌಕ
ಮಂಚದಿಂದ ಮಂಚಕ್ಕೆ ದಾಟುತ್ತ
ಹಾಜರಿ ತೆಗೆದುಕೊಳ್ಳುತ್ತದೆ.
ಕಿಟಕಿಗಳು ತಲೆಗಿಂತ ಎತ್ತರ:
ಮಲಗಿದ ಹುಡುಗನಿಗೆ ಆಕಾಶ ಕಂಡರೆ ಸಾಕು,
ಊರ ದಾರಿ ಬೇಡ ಎಂದು
ಕಟ್ಟಿಸಿದ ದೊರೆ ಯೋಚಿಸಿರಬೇಕು.
ಅಥವಾ ಬರೀ ಗಾಳಿಗೆ. ನಮಗೇನು ಗೊತ್ತು,
ನಾವು ಸುಣ್ಣದವರು.

ವರ್ಷಕ್ಕೊಮ್ಮೆ, ದೊಡ್ಡ ಸಾಹೇಬರ ತಪಾಸಣೆಗೆ ಮುಂಚೆ
ನಮಗೆ ಹೇಳಿಕಳಿಸುತ್ತಾರೆ.
ಕಾಟಜ್ಜ ಹೊಡೆದ, ಅವನ ಮಗಳು ನಮ್ಮವ್ವ ಹೊಡೆದಳು,
ಈಗ ನಾನು.
ಹರಳು ಸುಣ್ಣ ಹಂಡೆಯಲ್ಲಿ ಕುದಿವಾಗ
ಒಂದು ಹಿಡಿ ಉಪ್ಪು, ಕತ್ತಾಳೆ ಲೋಳೆ, ಚಿಟಿಕೆ ನೀಲಿ.
ಗೋಡೆಗೆ, ಹಾದಿಯಂಚಿನ ಕಲ್ಲಿಗೆ, ಬೇವಿನ ಬುಡಕ್ಕೆ,
ಒಂದು ವರ್ಷ ಬುಡದಲ್ಲಿ ಮಲಗಿದ್ದ
ನಾಯಿಯ ಬಾಲಕ್ಕೂ.

ಈ ಸಲ ಹುಕುಂ ಬೇರೆ:
ಕೆರೆದು ತೆಗೆಯಿರಿ, ಪುಟ್ಟಿ ಹಾಕಿ ಪ್ಲಾಸ್ಟಿಕ್ ಪೇಂಟು.
ಮೂರನೇ ಬ್ಯಾರಕ್ಕಿನಲ್ಲಿ ತಗಡಿನ ಪಟ್ಟಿ ಹಿಡಿದು ಏಣಿ ಹತ್ತಿದೆ.
ಅಂಗೈಯಗಲ ಹಕ್ಕಳೆ ಕಿತ್ತು ಬಂತು. ಮುರಿದ ಅಂಚಿನಲ್ಲಿ
ಪದರ ಎಣಿಸಿದೆ, ನಲವತ್ತಕ್ಕೆ ಕಣ್ಣು ಸೋತವು.
ನೀಲಿ ಜಾಸ್ತಿಯಾದ ವರ್ಷ,
ಸುಣ್ಣ ಸಿಗದೆ ಜೇಡಿ ತೊಡೆದ ವರ್ಷ,
ಇನ್ನೊಂದು ಯುದ್ಧದ ಗಾಬರಿಗೆ ಹಸಿರು ಬಳಿಸಿ
ಮರುವರ್ಷ ನಾಚಿ ಮುಚ್ಚಿಸಿದ್ದು.

ತಳದಲ್ಲಿ ಗೀಟುಗಳು.
ನಾಲ್ಕು ನಿಂತದ್ದು, ಒಂದು ಅಡ್ಡ.
ಮತ್ತೆ ನಾಲ್ಕು, ಒಂದು ಅಡ್ಡ.
ಮಂಚದ ತಲೆದೆಸೆಯಲ್ಲಾದರೆ ಅರ್ಥವಾಗುತ್ತಿತ್ತು,
ಯಾರೋ ರಂಗರೂಟು, ರಜೆಗೆ ಉಳಿದ ದಿನ.
ಇವು ಸೂರಿನ ಹತ್ತಿರ,
ಏಣಿ ಹತ್ತಿದವರಿಗಷ್ಟೇ ಎಟುಕುವಲ್ಲಿ.

ಅಕ್ಷರ ಬಾರದ ಕಾಟಜ್ಜ
ಸಾಯುವ ತನಕ ಹೇಳುತ್ತಿದ್ದ:
ಕಂಟ್ರಾಕ್ಟರು ಕೊಡಬೇಕು, ಇಪ್ಪತ್ಮೂರು ದಿನದ ಕೂಲಿ,
ಬರೆದಿಟ್ಟಿದ್ದೀನಿ, ಯಾರೂ ಅಳಿಸದ ಕಡೆ.
ನಾವು ಪೆಟ್ಟಿಗೆಯೆಲ್ಲ ಹುಡುಕಿದ್ದೆವು.

ಎಣಿಸಿದೆ. ಇಪ್ಪತ್ತೆರಡು.
ಒಂದು ಗೀಟು ಹಕ್ಕಳೆಯ ಜೊತೆ ಬಿತ್ತೋ,
ಅಜ್ಜ ಒಂದು ದಿನ ಸೇರಿಸಿ ಹೇಳಿದನೋ.

ಹವಾಲ್ದಾರ್ ಪೂವಣ್ಣ ಏಣಿಯ ಬುಡ ಹಿಡಿದು
ಕತ್ತೆತ್ತಿ ನೋಡಿದರು.
“ಯಾವ ಬ್ಯಾಚಿನವನದು?”
“ಮೊದಲನೇದು” ಅಂದೆ.
ಕೈ ಹಣೆಗೆ ಹೋಯಿತು. ಸೆಲ್ಯೂಟಲ್ಲ, ಬೆವರು.
ಹೊರಗೆ ಹೊಸ ಹುಡುಗರು ಎಡ ಬಲ ಕುಟ್ಟುತ್ತಿದ್ದರು,
ಕುಟ್ಟಿದ ಹಾಗೆಲ್ಲ ಸೂರಿಂದ
ಬಿಳಿ ಧೂಳು ಉದುರುತ್ತಿತ್ತು, ಅವರ ಟೋಪಿಗೂ ನನ್ನ ತಲೆಗೂ.

ಪುಟ್ಟಿ ಬಾಣಲೆಯಲ್ಲಿ ಗಟ್ಟಿಯಾಗತೊಡಗಿತ್ತು.
ಕೆಳಗಿಳಿದು
ಮೊದಲು ಎದುರು ಗೋಡೆ ಮುಗಿಸಿದೆ.