ನಾನೂ ಇಲ್ಲ

ಉದ್ಯಮಬಾಗದ ಪಾಳಿ ಮುಗಿದು
ಕಿವಿಯೊಳಗ ಇನ್ನೂ ಗ್ರೈಂಡರ್ ತಿರುಗುವಾಗ
ಕ್ಯಾಂಪಿನ ಸೈಕಲ್ ಅಂಗಡಿ ಮ್ಯಾಲಿನ ಖೋಲಿಯೊಳಗ
ನಾವು ಏಳು ಮಂದಿ ಸ್ಪ್ಯಾನಿಷ್ ಕಲೀತೀವಿ.
ಮೆಕ್ಸಿಕೋದವರು ನಮ್ಮ ಪಂಪಿನ ಹೌಸಿಂಗ್ ಕೊಳ್ಳತಾರ,
ತಕರಾರು ಅವರ ಮಾತಿನಾಗ ಬರತಾವ.

ಇನಾಸ ಮಾಸ್ತರ ಮೂವತ್ತು ವರ್ಷ ಹಡಗಿನ ಅಡಿಗಿಯವ.
ವ್ಯಾಕರಣ ಹೇಳೂದೂ ಒಗ್ಗರಣಿ ಹಾಕಿದಂಗ,
ಮೊದಲ ಬಿಸಿ, ಆಮ್ಯಾಲೆ ಚಟಪಟ.
"ಇವತ್ತ ಕೂಡಿಸೂದು. 'ಮತ್ತ' ಅನ್ನಾಕ ಒಂದ ಅಕ್ಷರ, ಈ.
ಮುಂದಿನ ಮಾತೂ ಈ ಅಂತ ಸುರುವಾದರ
ಇದು ತಾನ ಸರದು ಎ ಆಗತೈತಿ."
ಜಾಗಾ ಬಿಟ್ಟು ಕೊಡುವ ಅಕ್ಷರ!
ವಡಗಾವಿ ಬಸ್ಸಿನ್ಯಾಗ ಅಂಥಾದ್ದು ನಾ ಕಂಡಿಲ್ಲ.

ಆಮ್ಯಾಲೆ ತಾಂಬಿಯೆನ್.
"ನಾ ದುಡೀತೀನಿ" ಅಂದರ "ನಾನೂ": ಯೋ ತಾಂಬಿಯೆನ್.
"ನನಗ ಚಾ ಸೇರತೈತಿ" ಅಂದರ "ನನಗೂ": ಅ ಮೀ ತಾಂಬಿಯೆನ್.
ಇಂಗ್ಲಿಷ್ ಸಾಲಿಯವರು ಇಲ್ಲೇ ಎಡವತಾರಂತ.
ನಾ ಎಡವಲಿಲ್ಲ.
ನಾನು, ನನಗ, ಇವೆರಡರ ನಡುವಿನ ಹೊಸ್ತಿಲಾ
ನಮ್ಮವ್ವ ಅಂಬೆಗಾಲಿನಾಗ ದಾಟಿಸಿದ್ದು.

ಹಿಂದಿನ ಬೆಂಚಿನಿಂದ ವಿಲಾಸ ಮುಚಂಡೀಕರ ನಕ್ಕ:
"ಮೀ ಅಂದ್ರ ನಮ್ಮ ಮರಾಠಿದು, ಮಾಸ್ತರ.
ಅರ್ಧ ನಾ ಕಲತ ಬಂದೀನಿ."
ಅವನ ಕೂಡ ನಾ ಮಾತು ಬಿಟ್ಟು ಒಂದೂವರಿ ವರ್ಷ.
ಅವ ಎರಕ ಹೊಯ್ತಾನ, ನಾ ಬ್ಯಾಟರಿ ಹಿಡದು ನೋಡತೀನಿ,
ಕೂದಲೆಳಿ ಬಿರುಕಿಗೂ ಕೆಂಪು ಗೆರಿ.
"ನೀಲಗಂಗಾನ ಬಾಯಾಗ ಹೌದು ಅನ್ನೂದು ಹುಟ್ಟೇ ಇಲ್ಲ"
ಅಂತ ಕ್ಯಾಂಟೀನಿನಾಗ ಅಂದಾನಂತ. ಪೂರ್ತಿ ಸುಳ್ಳಲ್ಲ.

ಕಡೀಕ ತಾಂಪೋಕೋ.
"ಅವರು ಇಲ್ಲ ಅಂದಾಗ ನೀವೂ ಇಲ್ಲ ಅನ್ನಾಕ
ತಾಂಬಿಯೆನ್ ನಡಿಯಂಗಿಲ್ಲ. ಇಲ್ಲದ್ದಕ್ಕ ಬ್ಯಾರೆ ಮಾತು."
ನನಗ ಸಿಟ್ಟು ಬಂತು. ನಮ್ಮದೊಂದು ಊ
ಇದ್ದದ್ದಕ್ಕೂ ಇಲ್ಲದ್ದಕ್ಕೂ ಒಂದ ಕೀಲಿಕೈ,
ಇವರಿಗ್ಯಾಕ ಎರಡು?

ಮಾಸ್ತರ ಹಲಗಿ ಮ್ಯಾಲೆ ಬರದ: ನೋ ದುವೆರ್ಮೋ ಬಿಯೆನ್.
ನನಗ ಚಲೋ ನಿದ್ದಿ ಹತ್ತೂದಿಲ್ಲ.
ಉದಾಹರಣಿ ಅಂತ ಬರದದ್ದು. ಆದರ ಸೀಮೆಸುಣ್ಣ ಕೆಳಗ ಇಡಲಿಲ್ಲ,
ಹಂಗ ಹಿಡಕೊಂಡು ನಿಂತ.
ಕೆಳಗ ಯಾರೋ ಟ್ಯೂಬಿಗೆ ಗಾಳಿ ಹೊಡೀತಿದ್ದರು.

"ಯೋ ತಾಂಪೋಕೋ," ಅಂದೆ. ಪಾಠ ಒಪ್ಪಿಸೂ ದನಿ ಅಲ್ಲ ಅದು.
ನಂದು ಮುಗಿಯೂದರಾಗ ಹಿಂದಿನ ಬೆಂಚು:
"ಯೋ ತಾಂಪೋಕೋ."

ಯಾರೂ ತಿರುಗಿ ನೋಡಲಿಲ್ಲ.
"ಬರೋಬ್ಬರಿ," ಅಂದು ಮಾಸ್ತರ ಹಲಗಿ ಒರಸಿದ,
ಒರಸಿದ ಜಾಗಾನ ಮತ್ತೊಮ್ಮೆ ಒರಸಿದ.

ಮರುದಿನ ವಿಲಾಸನ ಹನ್ನೊಂದು ಹೌಸಿಂಗ್ ಹೊಳ್ಳಿ ಕಳಿಸಿದೆ.
ಬಿರುಕಿಗೆ ಬಿರುಕು ಅನ್ನಲೇಬೇಕು.
ಸಹಿ ಮಾಡಿ ಪೆನ್ನು ವಾಪಸ್ ಕೊಡೂವಾಗ ಕೇಳಿದ,
"ರಾತ್ರಿ?"
"ಇಲ್ಲ," ಅಂದೆ.

ಭಟ್ಟಿ ಸಪ್ಪಳದಾಗ ಅವನ ಉತ್ತರ ಕೇಳಲಿಲ್ಲ.
ಕಡೀಕ ತುಟಿ ದುಂಡಗಾದದ್ದು ಕಂಡಿತು,
ನಾನೂ ಅಂದನೋ, ತಾಂಪೋಕೋ ಅಂದನೋ.