ಬಿಲ್ಲಿನ ಬೆನ್ನಿಗೆ

ಕರೆಂಟು ಬಿಲ್ಲಿನ ಬೆನ್ನಿಗೆ ಬರೆಯುತ್ತೇನೆ:
ಹತ್ತೊಂಬತ್ತು ಬಾಯಿ, ಹದಿನಾಲ್ಕು ಗಾಜಿನ ಲೋಟ.
ಉಳಿದ ಐದು ಪಾವ್ಲಿನಳ ಮನೆಯಿಂದ ಬರಬೇಕು;
ಅವಳ ಲೋಟಕ್ಕೆ ಹೂವಿದೆ,
ಎಣಿಸಿ ಕೊಡುತ್ತಾಳೆ, ಎಣಿಸಿ ಇಸಕೊಳ್ಳುತ್ತಾಳೆ.

ನತಾಲಕ್ಕೆ ಇನ್ನು ಆರು ದಿನ.
ಕಾಜುಬಾಗದ ಓಣಿಯ ತುಂಬ ಕಾಗದದ ನಕ್ಷತ್ರ,
ನಮ್ಮದೊಂದರ ಬಲ್ಬು ಮಾತ್ರ ಮಿಣುಕಿ ಮಿಣುಕಿ ಯೋಚಿಸುತ್ತಿದೆ.

ಮೊದಲು ಸುಲಭದವರು.
ಮಕ್ಕಳಿಗೆ ಕಿತ್ತಳೆ ಬಣ್ಣದ್ದು, ದೊಡ್ಡ ಬಾಟ್ಲಿ ಎರಡು,
ನಾಲಿಗೆಗೆ ಬಣ್ಣ ಹತ್ತದಿದ್ದರೆ ಅವಕ್ಕೆ ಹಬ್ಬವೇ ಅಲ್ಲ.
ಕೋಡಿಬಾಗದ ಅತ್ತೆಗೆ ಸಕ್ಕರೆ ಕಾಯಿಲೆ, ಮಜ್ಜಿಗೆ.
ಮಜ್ಜಿಗೆ ಕೊಟ್ಟರೆ 'ನನ್ನ ರೋಗಿ ಮಾಡಿದೆಯಾ' ಎನ್ನುತ್ತಾಳೆ,
ಅದಕ್ಕೇ ಹೂವಿನ ಲೋಟದಲ್ಲಿ.
ಶಿರಸಿಯ ಹೆಗಡೆ ಮಾಸ್ತರರು ಬರುವುದು ಹೌದಂತೆ,
ಸೊಗದೆ ಬೇರಿನ ಪಾನಕ ಶೀಸೆಯಲ್ಲಿ ತಾವೇ ತರುತ್ತಾರೆ.
ಯಾರ ಮನೆಗೂ ತಮ್ಮ ನೀರು ತಾವೇ ಹೊತ್ತು ಹೋಗುವವರು;
ಲೋಟ ಮಾತ್ರ ನಮ್ಮದು. ಸ್ಟೀಲಿನದು, ಹೊಸದು, ತೊಳೆದು ಇಡಬೇಕು.
ಬೈತಖೋಲದ ದತ್ತಾರಾಮ ತಾಂಡೇಲನಿಗೆ
ಏನು ಕೊಟ್ಟರೂ ಸರಿ, ಎಷ್ಟು ಕೊಟ್ಟರೂ ಸಾಲದು.
ಐಸು ಅವನ ಪಾಲು.
ಹೋದ ಸಲ ಅವನ ಐಸಿನೊಳಗಿಂದ ಮೀನಿನ ಹುರುಪೆಯೊಂದು ಇಳಿದು
ಲೋಟದ ತಳದಲ್ಲಿ ಬೆಳ್ಳಿಯ ಹಾಗೆ ಮಿಂಚಿತು;
ಸಿಕ್ಕವರಿಗೆ ಅದೃಷ್ಟ ಅಂದುಬಿಟ್ಟೆ. ನಂಬಿದರು.

ಇಲ್ಲಿ ಪೆನ್ನು ನಿಲ್ಲುತ್ತದೆ.

ಕಾಣಕೋಣದ ಭಾವಂದಿರು.
ಉರಾಕದ ಕಾಲವಲ್ಲ ಇದು, ಅದು ಗೇರು ಹಣ್ಣು ಉದುರುವಾಗಿನ ಮಾತು.
ಫೆನಿ ತರುತ್ತಾರೆ, ತೆಂಗಿನೆಣ್ಣೆಯ ಡಬ್ಬಿಯಲ್ಲಿ,
ಮಾಜಾಳಿ ಗೇಟು ದಾಟುವ ತನಕ ಜಪಮಾಲೆ ಹಿಡಿದು.
ಬೇಡ ಅನ್ನಲೆ? ಅಂದರೆ ಯಾಕೆ ಅನ್ನುತ್ತಾರೆ.
ಯಾಕೆ ಅನ್ನುವುದು ಎಲ್ಲರಿಗೂ ಗೊತ್ತು.
ಗೊತ್ತಿದ್ದೂ ಕೇಳುವುದು ಹಬ್ಬದ ಮನೆಯಲ್ಲಿ ಒಂದು ಮರ್ಯಾದೆ.

ಹೋದ ವರ್ಷ ಆ ರಾತ್ರಿ ಇನಾಸ
ಗೋದಲಿಯ ಮೇಲೆ ಬಿದ್ದ.
ಬಾಲಯೇಸುವಿಗೆ ಏನೂ ಆಗಲಿಲ್ಲ,
ಕುರಿ ಕಾಯುವವನೊಬ್ಬನ ಕಾಲು ಮುರಿಯಿತು.
ಅಂಟು ಹಚ್ಚಿ ಕೂಡಿಸಿದ್ದೇನೆ, ಸ್ವಲ್ಪ ಸೊಟ್ಟ;
ಈಗ ಅವನು ಎಲ್ಲಿಗೋ ಹೊರಟು ನಿಂತವನ ಹಾಗೆ ಕಾಣುತ್ತಾನೆ.

ಅಂದಿನಿಂದ ಮುನ್ನೂರ ಐವತ್ತೊಂಬತ್ತು ದಿನ.
ಎಣಿಸುವವಳು ನಾನು. ಅವನು ಎಣಿಸುವುದಿಲ್ಲ.
ಎಷ್ಟಾಯಿತು ಎಂದರೆ 'ಇವತ್ತು' ಎನ್ನುತ್ತಾನೆ, ಅಷ್ಟೇ.

ಹಾಗಾಗಿ ನನ್ನ ಉಪಾಯ: ಎಲ್ಲರಿಗೂ ಕೆಂಪು.
ಮೇ ತಿಂಗಳ ಟೆರೇಸಿನಲ್ಲಿ ಒಣಗಿದ ಮುರುಗಲು ಸಿಪ್ಪೆ
ಭರಣಿಯಲ್ಲಿದೆ, ನೆನೆಹಾಕಿದರಾಯಿತು.
ಒಂದು ಪಾತ್ರೆಗೆ ಬೆಲ್ಲ, ಒಂದಕ್ಕೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು.
ಫೆನಿ ಬೇಕಾದವರು ಹಿತ್ತಲಲ್ಲಿ ಬೆರೆಸಿಕೊಂಡು ಬರಲಿ,
ಕಣ್ಣಿಗೆ ಹತ್ತೊಂಬತ್ತೂ ಒಂದೇ ಇರಲಿ.
ಮೂಗಿಗೆ ಏನು ಮಾಡಲಿ?
ನಾಲ್ಕು ಮನೆಯಾಚೆಗೂ ತನ್ನ ಹೆಸರು ತಾನೇ ಕೂಗುವ ವಸ್ತು ಅದು.

ಬೆನ್ನ ಹಿಂದೆ ನಿಂತು ಓದಿದನೋ ಏನೋ,
'ನನ್ನ ಹೆಸರೇ ಇಲ್ಲವಲ್ಲ' ಎಂದ ಇನಾಸ.
'ನೀನೇನು ನೆಂಟನೆ?' ಎಂದೆ.
ಪೆನ್ನು ಕಸಿದುಕೊಂಡು, ಹೆಗಡೆ ಮಾಸ್ತರರ ಪಕ್ಕ ಸಿಕ್ಕ ಜಾಗದಲ್ಲಿ ಬರೆದ:
'ಇನಾಸ. ಹಿಂಡುವುದು, ಹೊಯ್ಯುವುದು.'
'ಹೊಯ್ಯುವುದು ಅಂದರೆ, ಅದನ್ನೂ?'
'ಅದನ್ನೂ. ಹಿತ್ತಲಲ್ಲಿ ಕದ್ದು ಕುಡಿಯುವಂಥ ತಪ್ಪು
ಪಾಪ ಅವರೇನು ಮಾಡಿದ್ದಾರೆ.'

ಅವನು ಕಾಯಿ ಸುಲಿಯಲು ಹೋದ ಮೇಲೆ
ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದೆ.
ಕೆಮ್ಮಿಗೆಂದು ಉಳಿಸಿದ ಅರ್ಧ ಬಾಟ್ಲಿ,
ಅದರ ಮೈಮೇಲೆ ನಾನೇ ಎಳೆದ ನೀಲಿ ಗೆರೆ.
ಗೆರೆಗಿಂತ ಒಂದು ಕೂದಲು ಕೆಳಗಿದೆ.

ಬಿರಡೆ ಸಡಿಲ. ಫೆನಿ ಆರುತ್ತದೆ.
ಡಿಸೆಂಬರಿನ ಗಾಳಿಯೂ ಒಣ.

ಹೊಸ ಗೆರೆ ಎಳೆಯಲಿಲ್ಲ.
ಹೆಬ್ಬೆರಳಿಗೆ ಉಗುಳು ಹಚ್ಚಿ ಹಳೆಯದನ್ನು ಒರೆಸಿದೆ,
ಅದು ಬೇಗ ಹೋಗಲಿಲ್ಲ.

ಹಿತ್ತಲಲ್ಲಿ ಕಾಯಿ ಬಿರಿದ ಸದ್ದು.
ಪಟ್ಟಿಗೆ ಸೇರಿಸಿದೆ: ತೆಂಗಿನಕಾಯಿ ನಾಲ್ಕು.
ತಡೆ, ಐದು.